ಹೃದಯದ ಸ್ಕ್ಯಾನ್‌ಗೆ ಬೆಚ್ಚಗಿನ ಡೈ ಯಾಕೆ?

ಹೃದಯದ ಸಿಟಿ ಸ್ಕ್ಯಾನ್‌ಗೆ ಮುಂಚೆ
ರಕ್ತನಾಳ ಕಾಣಿಸಲಿ ಅಂತ ಚುಚ್ಚೋ ಡೈಯನ್ನ ಹಲವು ಕಡೆ ಬೆಚ್ಚಗೆ ಮಾಡಿಡ್ತಾರೆ.
ಯಾಕೆ ಗೊತ್ತಾ?

ಅಯೋಡಿನ್ ಇರೋ ಈ ಡೈ ನೀರಿನ ಹಾಗಲ್ಲ,
ಮಂದ.

ಚಳಿಗಾಲದ ಬೆಳಗ್ಗೆ ಜೋನಿಬೆಲ್ಲ ನೋಡಿದ್ದೀರಲ್ಲ?
ಡಬ್ಬಿ ಬಗ್ಗಿಸಿದ್ರೂ ಇಳಿಯಲ್ಲ.
ಸ್ವಲ್ಪ ಬಿಸಿ ತಾಗಿಸಿ,
ಸರಾಗ ಹರಿಯುತ್ತೆ.

ಡೈ ಕೂಡ ಅಷ್ಟೇ.
20 ಡಿಗ್ರಿಯಿಂದ 37ಕ್ಕೆ, ಅಂದ್ರೆ ಮೈಬಿಸಿಗೆ ತಂದ್ರೆ,
ಮಂದತನ ಹೆಚ್ಚುಕಮ್ಮಿ ಅರ್ಧ ಆಗುತ್ತೆ.

ಸ್ಕ್ಯಾನ್ ನಡೆಯೋದು ಕೆಲವೇ ಸೆಕೆಂಡು.
ಅಷ್ಟರಲ್ಲಿ ಹೃದಯದ ಸಣ್ಣ ಸಣ್ಣ ರಕ್ತನಾಳದಲ್ಲಿ ಡೈ ತುಂಬಿರಬೇಕು.
ಅದಕ್ಕೇ ಪಂಪಿನಿಂದ ಸೆಕೆಂಡಿಗೆ ಸುಮಾರು 5 ಎಂಎಲ್ ತಳ್ತಾರೆ,
ಕೈಗೆ ಹಾಕಿದ ಸಣ್ಣ ಸೂಜಿಯಿಂದ!
ಡೈ ತೆಳುವಾದ್ರೆ ಪಂಪು ಕಡಿಮೆ ಒತ್ತಡದಲ್ಲೇ ತಳ್ಳುತ್ತೆ.

ಹಾಂ, ಡೈ ಒಳಗೆ ಹೋದಾಗ ಮೈ ಬಿಸಿ ಅನ್ನಿಸುತ್ತೆ.
ಅದು ಬೆಚ್ಚಗೆ ಮಾಡಿದ್ದಕ್ಕಲ್ಲ,
ರಕ್ತನಾಳ ಹಿಗ್ಗೋದ್ರಿಂದ.
ಹೆದರಬೇಡಿ, ಬೇಗ ಹೋಗುತ್ತೆ.
ಸೂಜಿ ಜಾಗದಲ್ಲಿ ನೋವೋ ಊತವೋ ಬಂದ್ರೆ ಮಾತ್ರ
ತಕ್ಷಣ ಹೇಳಿಬಿಡಿ.