ಹಸುವಿಗೆ ವಿಮೆಯಿದೆ, ಔಷಧಿಗೆ ಇದೆಯೇ?

ಮಾರಿಕಣಿವೆಯ ಕೆಳಗಿನ ಅಚ್ಚುಕಟ್ಟಿನ ಊರೊಂದರಲ್ಲಿ ನಿಮ್ಮ ಮನೆ ಇದೆ ಎಂದಿಟ್ಟುಕೊಳ್ಳಿ. ದಿನಕ್ಕೆ 15 ಲೀಟರ್ ಹಾಲು ಕೊಡುವ ಸೀಮೆಹಸು ನಿನ್ನೆ ರಾತ್ರಿ ಕರು ಹಾಕಿದೆ. ಇಂದು ಸಂಜೆ ಹಾಲು ಕರೆಯಲು ಹೋದರೆ ಹಸು ತಡವರಿಸುತ್ತದೆ, ಕುಸಿದು ಕೂರುತ್ತದೆ, ಕತ್ತನ್ನು ಪಕ್ಕೆಗೆ ತಿರುಗಿಸಿಕೊಂಡು ಮಂಕಾಗುತ್ತದೆ. ಕಿವಿ ಮುಟ್ಟಿದರೆ ತಣ್ಣಗಿದೆ. ಇದು ಹಾಲುಜ್ವರ. ಹೆಸರಿನಲ್ಲಿ ಜ್ವರ ಇದ್ದರೂ ಮೈ ಬಿಸಿಯಾಗುವುದಿಲ್ಲ. ಕರು ಹಾಕಿದ ಕೂಡಲೇ ಹಾಲಿಗಾಗಿ ರಕ್ತದಲ್ಲಿನ ಸುಣ್ಣದ ಅಂಶ ದಿಢೀರನೆ ಕೆಚ್ಚಲಿಗೆ ಇಳಿಯುವುದರಿಂದ ಹೀಗಾಗುತ್ತದೆ. ಪಶುವೈದ್ಯರು ಬಂದು ರಕ್ತನಾಳಕ್ಕೆ ಕ್ಯಾಲ್ಸಿಯಂ ಕೊಟ್ಟರೆ ಬಹುತೇಕ ಹಸುಗಳು ಸ್ವಲ್ಪ ಹೊತ್ತಿನಲ್ಲೇ ಎದ್ದು ನಿಲ್ಲುತ್ತವೆ. ಕೊಡದಿದ್ದರೆ ಹಸು ಉಳಿಯುವುದು ಕಷ್ಟ.

ವೈದ್ಯರಿಗೆ ಕರೆ ಮಾಡುವಾಗಲೇ ಮನೆಯವರೊಬ್ಬರು ಕೇಳುತ್ತಾರೆ: ‘ಹೋದ ವರ್ಷ ವಿಮೆ ಕಟ್ಟಿದ್ದೆವಲ್ಲ, ಔಷಧಿ ಖರ್ಚು ಕಂಪನಿಯವರು ಕೊಡುವುದಿಲ್ಲವೇ?’

ಇಲ್ಲ, ಕೊಡುವುದಿಲ್ಲ. ನಮ್ಮಲ್ಲಿ ಜಾನುವಾರು ವಿಮೆ ಎಂದರೆ ಸಾವಿನ ವಿಮೆಯೇ ಹೊರತು ಕಾಯಿಲೆಯ ವಿಮೆಯಲ್ಲ. ಮನುಷ್ಯರ ಆರೋಗ್ಯ ವಿಮೆಯಂತೆ ಆಸ್ಪತ್ರೆಯ ಬಿಲ್ಲು ತೋರಿಸಿ ಹಣ ಪಡೆಯುವ ಸೌಲಭ್ಯ ಇದರಲ್ಲಿಲ್ಲ. ವಿಮೆ ಮಾಡಿಸಿದ ಎಷ್ಟೋ ಮನೆಗಳವರಿಗೆ ಈ ವ್ಯತ್ಯಾಸ ತಿಳಿಯುವುದು ಹಸು ಮಲಗಿದ ಮೇಲೆಯೇ.

ಆದರೆ ಮಾತು ಇಲ್ಲಿಗೇ ಮುಗಿಯುವುದಿಲ್ಲ. ಚಿಕಿತ್ಸೆಗೆ ಹಣ ಕೊಡದ ಇದೇ ವಿಮೆ, ಚಿಕಿತ್ಸೆ ಮಾಡಿಸದೆ ಸತ್ತ ಹಸುವಿಗೂ ಹಣ ಕೊಡದಿರಬಹುದು. ನಿರ್ಲಕ್ಷ್ಯದಿಂದ ಆದ ಸಾವು ಮತ್ತು ಅರಿಯದವರ ಕೈಯಿಂದ ಮಾಡಿಸಿದ ಚಿಕಿತ್ಸೆಯಿಂದ ಆದ ಸಾವು, ಎರಡನ್ನೂ ಪಾಲಿಸಿ ಹೊರಗಿಡುತ್ತದೆ. ಮೇಲಿನ ಹಸುವಿಗೆ ಊರಿನ ಯಾರೋ ಒಬ್ಬರು ಕ್ಯಾಲ್ಸಿಯಂ ಬಾಟಲಿಯನ್ನು ಅವಸರದಿಂದ ನರಕ್ಕೆ ಏರಿಸಿದರೆನ್ನಿ. ಈ ಔಷಧಿ ನಿಧಾನವಾಗಿ ಹೋಗಬೇಕು, ವೇಗವಾಗಿ ಹೋದರೆ ಹೃದಯ ನಿಂತೇ ಹೋಗಬಹುದು. ಮಲಗಿದ ಹಸುವಿನ ಬಾಯಿಗೆ ಬಲವಂತವಾಗಿ ಗೊಟ್ಟ ಹಾಕಿದರೂ ಅಷ್ಟೇ, ನುಂಗುವ ಶಕ್ತಿ ಇಲ್ಲದೆ ದ್ರವ ಶ್ವಾಸಕೋಶಕ್ಕೆ ಇಳಿಯುತ್ತದೆ. ಎರಡರಲ್ಲೂ ಹಸುವೂ ಹೋಗುತ್ತದೆ, ವಿಮೆಯೂ ಕೈಬಿಡುತ್ತದೆ.

ಆದ್ದರಿಂದ ವೈದ್ಯರು ಬಂದಾಗ ಚೀಟಿ ಬರೆಸಿಕೊಳ್ಳಿ. ದಿನಾಂಕ, ಕಿವಿಯೋಲೆಯ ಸಂಖ್ಯೆ, ರೋಗದ ಹೆಸರು, ಕೊಟ್ಟ ಔಷಧಿ, ಇಷ್ಟು ಅದರಲ್ಲಿದ್ದರೆ ಸಾಕು. ಹಸು ಬದುಕಿದರೆ ಆ ಚೀಟಿಗೆ ಬೆಲೆಯಿಲ್ಲ ಎನ್ನಿಸಬಹುದು. ಬದುಕದಿದ್ದರೆ ನಿಮ್ಮ ಪರವಾಗಿ ಮಾತನಾಡುವುದು ಅದೊಂದೇ.

ಯಾವುದಕ್ಕೆ ಉಂಟು, ಯಾವುದಕ್ಕೆ ಇಲ್ಲ

ಸರ್ಕಾರಿ ಸ್ವಾಮ್ಯದ ನಾಲ್ಕು ಸಾಮಾನ್ಯ ವಿಮಾ ಕಂಪನಿಗಳು (ನ್ಯಾಷನಲ್, ನ್ಯೂ ಇಂಡಿಯಾ, ಓರಿಯೆಂಟಲ್, ಯುನೈಟೆಡ್ ಇಂಡಿಯಾ) ಬಹುಕಾಲದಿಂದ ಕೊಡುತ್ತ ಬಂದಿರುವ ಜಾನುವಾರು ಪಾಲಿಸಿಯ ತಿರುಳು ಹೆಚ್ಚು ಕಡಿಮೆ ಒಂದೇ. ಅಪಘಾತ, ಬೆಂಕಿ, ಸಿಡಿಲು, ನೆರೆ, ಬರಗಾಲ, ಪಾಲಿಸಿಯ ಅವಧಿಯಲ್ಲಿ ತಗುಲಿದ ರೋಗ, ಶಸ್ತ್ರಚಿಕಿತ್ಸೆ, ಗಲಭೆ ಇವುಗಳಿಂದ ರಾಸು ಸತ್ತರೆ ಪರಿಹಾರ ಉಂಟು. ಹಾವು ಕಚ್ಚಿದ್ದು, ಬಾವಿಗೆ ಬಿದ್ದದ್ದು ಅಪಘಾತದ ಲೆಕ್ಕಕ್ಕೇ ಬರುತ್ತವೆ. 1933ರ ನಂತರ 2022ರ ಸೆಪ್ಟೆಂಬರಿನಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ಹಿನ್ನೀರು ಯಾವ ಹೊಲದವರೆಗೆ ಬರುತ್ತದೆಂಬುದನ್ನು ಹೊಸದುರ್ಗ ತಾಲ್ಲೂಕಿನವರು ಕಣ್ಣಾರೆ ಕಂಡರು. ಬರವನ್ನೇ ಕಂಡು ಬೆಳೆದ ಈ ಸೀಮೆಯಲ್ಲಿ ನೆರೆಯ ಮಾತು ಯಾರಿಗೂ ನೆನಪಿರಲಿಲ್ಲ. ಪಾಲಿಸಿಯಲ್ಲಿ ಮಾತ್ರ ಎರಡೂ ಅಕ್ಕಪಕ್ಕದಲ್ಲೇ ಇವೆ.

ಇನ್ನು ಹೊರಗಿಟ್ಟವು. ಕಳವು ಮತ್ತು ಗುಟ್ಟಿನ ಮಾರಾಟಕ್ಕೆ ಹಣವಿಲ್ಲ. ವಿಮೆ ಮಾಡಿಸುವ ಮೊದಲೇ ಇದ್ದ ಕಾಯಿಲೆಗೆ ಇಲ್ಲ. ವಿಮೆ ಶುರುವಾದ ಮೊದಲ 15 ದಿನಗಳಲ್ಲಿ ರೋಗ ಬಂದು ಸತ್ತರೂ ಸಾಮಾನ್ಯವಾಗಿ ಇಲ್ಲ. ಪಕ್ಕದ ಹಟ್ಟಿಗೆ ರೋಗ ಬಂತೆಂದು ಕೇಳಿ ಓಡಿಹೋಗಿ ವಿಮೆ ಮಾಡಿಸುವುದು ಈ ಕಾರಣದಿಂದಲೇ ಫಲ ಕೊಡುವುದಿಲ್ಲ. ಹಾಲಿನ ಹಸುವೆಂದು ಬರೆಸಿ ಗಾಡಿಗೆ ಕಟ್ಟಿದರೆ, ಅತಿಯಾಗಿ ಭಾರ ಹೇರಿದರೆ, ಬೇಕೆಂದೇ ಗಾಯ ಮಾಡಿದರೆ ಇಲ್ಲ. ಗುಣವಾಗದ ನೋವಿನಿಂದ ನರಳುವ ರಾಸಿಗೆ ಪಶುವೈದ್ಯರ ಲಿಖಿತ ಪ್ರಮಾಣದ ಮೇಲೆ ದಯಾಮರಣ ಕೊಟ್ಟರೆ ಅದಕ್ಕೆ ಅಡ್ಡಿಯಿಲ್ಲ.

ಲಸಿಕೆಯ ಷರತ್ತನ್ನು ಮರೆಯಬೇಡಿ. ಗಳಲೆ ರೋಗ, ಚಪ್ಪೆ ರೋಗ, ನೆರಡಿ ರೋಗಗಳಿಂದ ಬಂದ ಸಾವಿಗೆ ಪರಿಹಾರ ಬೇಕೆಂದರೆ ಸಕಾಲದಲ್ಲಿ ಲಸಿಕೆ ಹಾಕಿಸಿದ ದಾಖಲೆ ಬೇಕು. ಹಳೆಯ ಪಾಲಿಸಿಗಳಲ್ಲಿ ಈ ಪಟ್ಟಿಯ ತಲೆಯಲ್ಲಿ ದೊಡ್ಡರೋಗದ ಹೆಸರಿರುತ್ತಿತ್ತು. ಲಸಿಕೆಯ ಬಲದಿಂದ ಆ ರೋಗವನ್ನು 2011ರಲ್ಲಿ ಇಡೀ ಜಗತ್ತಿನಿಂದಲೇ ನಿರ್ಮೂಲವಾಗಿದೆ ಎಂದು ಘೋಷಿಸಲಾಯಿತು. ‘ಲಸಿಕೆ ಹಾಕಿಸಿದರೆ ಹಾಲು ಇಳಿಯುತ್ತದೆ’ ಎಂದು ಹಿಂಜರಿಯುವವರು ಇದನ್ನು ಗಮನಿಸಬೇಕು. ಇಳಿದರೂ ನಾಲ್ಕು ದಿನ, ಅಷ್ಟೇ.

ಹೆಚ್ಚು ಜಗಳಕ್ಕೆ ಕಾರಣವಾಗುವುದು ಅಂಗವೈಕಲ್ಯ. ಕೆಚ್ಚಲುಬಾವು ಬಂದು ಒಂದು ಮೊಲೆ ಬತ್ತಿತು, ಹಾಲು ಅರ್ಧಕ್ಕಿಳಿಯಿತು ಎನ್ನಿ. ನಿಮ್ಮ ಪಾಲಿಗೆ ಇದು ದೊಡ್ಡ ನಷ್ಟ. ಪಾಲಿಸಿಯ ಪಾಲಿಗೆ ಇದು ಭಾಗಶಃ ವೈಕಲ್ಯ, ಪರಿಹಾರವಿಲ್ಲ. ಕಾಲುಬಾಯಿ ರೋಗದ ನಂತರ ಹಸು ಏದುಸಿರು ಬಿಡುತ್ತ ಸೊರಗಿದರೂ ಹಾಗೆಯೇ. ಇನ್ನೆಂದೂ ಗಬ್ಬ ಕಟ್ಟುವುದಿಲ್ಲ ಅಥವಾ ಇನ್ನೆಂದೂ ಹಾಲು ಕೊಡುವುದಿಲ್ಲ ಎಂಬ ಶಾಶ್ವತ ಪೂರ್ಣ ವೈಕಲ್ಯಕ್ಕೆ ಮಾತ್ರ ರಕ್ಷಣೆ ಉಂಟು. ಅದಕ್ಕೂ ವಿಮೆ ಮಾಡಿಸುವಾಗಲೇ ಹೆಚ್ಚಿನ ಕಂತು ಕಟ್ಟಿರಬೇಕು, ಸಿಗುವುದು ಸಾಮಾನ್ಯವಾಗಿ ವಿಮಾ ಮೊತ್ತದ ಶೇಕಡಾ 75. ಹಾಲಿನ ಹಸು ಸಾಕುವವರು ಈ ಹೆಚ್ಚುವರಿ ರಕ್ಷಣೆಯನ್ನು ಕೇಳಿ ಪಡೆಯುವುದು ಒಳ್ಳೆಯದೆಂದೇ ನನ್ನ ಅಭಿಪ್ರಾಯ. ಕೇಳದೆ ಯಾರೂ ಕೊಡುವುದಿಲ್ಲ.

ಕಿವಿಯೋಲೆ

ವಿಮೆಗೆ ಹಸುವಿನ ಹೆಸರು ಗಂಗೆಯೋ ಗೌರಿಯೋ ಬೇಕಿಲ್ಲ, ಕಿವಿಯಲ್ಲಿನ ಓಲೆ ಬೇಕು. ಓಲೆಯಿಲ್ಲದ ಹಸುವಿಗೆ ಪರಿಹಾರವಿಲ್ಲ ಎಂಬುದು ಕಂಪನಿಗಳ ಹಳೆಯ ನಿಯಮ. ಬೇಲಿಗೆ ಸಿಕ್ಕಿ ಓಲೆ ಕಿತ್ತುಹೋದರೆ ಆ ದಿನವೇ ಪಶು ಆಸ್ಪತ್ರೆಗೂ ಕಂಪನಿಗೂ ತಿಳಿಸಿ ಹೊಸ ಓಲೆ ಹಾಕಿಸಿ, ಹೊಸ ಸಂಖ್ಯೆಯನ್ನು ಪಾಲಿಸಿಯಲ್ಲಿ ಬರೆಸಿ. ಸರ್ಕಾರ ಹಾಕುವ ಹಳದಿ ಓಲೆಯಲ್ಲಿ 12 ಅಂಕಿಗಳಿರುತ್ತವೆ. ಪಾಲಿಸಿ ಕೈಗೆ ಬಂದ ಕೂಡಲೇ ಹಸುವಿನ ಮುಂದೆ ನಿಂತು ಅಂಕಿ ಅಂಕಿಯಾಗಿ ತಾಳೆ ನೋಡಿ, ಒಂದು ಅಂಕಿ ತಪ್ಪಿದರೂ ಅದು ಕಾಗದದ ಪ್ರಕಾರ ಬೇರೊಂದು ಹಸು. ಮಾರಿದರೂ ತಿಳಿಸಿ. ತಿಳಿಸದಿದ್ದರೆ ಉಳಿದ ಅವಧಿಯ ವಿಮೆ ಕೊಂಡವರಿಗೂ ದಕ್ಕದೆ, ಮಾರಿದವರಿಗೂ ಇಲ್ಲದೆ ಹೋಗಬಹುದು.

ಕಂತು ದುಬಾರಿ ಎಂದು ಹಿಂದೆ ಸರಿಯುವವರಿಗೆ ಒಂದು ಮಾತು. ಕೇಂದ್ರದ ರಾಷ್ಟ್ರೀಯ ಜಾನುವಾರು ಮಿಷನ್ನಿನ ಅಡಿಯಲ್ಲಿ ರೈತರ ಪಾಲನ್ನು 2024ರ ಫೆಬ್ರವರಿಯ ತೀರ್ಮಾನದಂತೆ ಶೇಕಡಾ 15ಕ್ಕೆ ಇಳಿಸಲಾಯಿತು. ಉಳಿದದ್ದನ್ನು ಕೇಂದ್ರ ಮತ್ತು ರಾಜ್ಯಗಳು 60:40ರಂತೆ ಹಂಚಿಕೊಳ್ಳಬೇಕು. ಲೆಕ್ಕಕ್ಕಾಗಿ ಹೇಳುವುದಾದರೆ, 60,000 ರೂಪಾಯಿಯ ಹಸುವಿಗೆ ನೂರಕ್ಕೆ ಮೂರರಂತೆ ಕಂತು 1,800 ರೂಪಾಯಿ, ಅದರಲ್ಲಿ ನಿಮ್ಮ ಪಾಲು 270. ಹಸುವಿನ ಬೆಲೆಯನ್ನು ನೀವು, ಪಶುವೈದ್ಯರು ಮತ್ತು ಕಂಪನಿಯವರು ಸೇರಿ ನಿಗದಿ ಮಾಡುತ್ತೀರಿ. ಕಂತು ಉಳಿಸಲೆಂದು ಬೆಲೆ ಕಡಿಮೆ ಬರೆಸಬೇಡಿ, ನಾಳೆ ಬರುವುದೂ ಅಷ್ಟೇ. ಯೋಜನೆ ಈ ವರ್ಷ ನಿಮ್ಮ ತಾಲ್ಲೂಕಿನಲ್ಲಿ ತೆರೆದಿದೆಯೇ ಎಂದು ಪಶು ಆಸ್ಪತ್ರೆಯಲ್ಲಿ ಕೇಳಿ. ಡೇರಿಯ ಸದಸ್ಯರಾಗಿದ್ದರೆ ಹಾಲು ಒಕ್ಕೂಟದ ಗುಂಪು ವಿಮೆ ಇದೆಯೇ ಎಂದೂ ವಿಚಾರಿಸಿ. ಚಿತ್ರದುರ್ಗ ಜಿಲ್ಲೆ ಶಿವಮೊಗ್ಗ ಒಕ್ಕೂಟದ ವ್ಯಾಪ್ತಿಗೆ ಬರುತ್ತದೆ.

ಚಿಕಿತ್ಸೆಯ ಖರ್ಚಿಗೆ ಮತ್ತೇನು ದಾರಿ? ಸರ್ಕಾರಿ ಪಶು ಆಸ್ಪತ್ರೆಯೇ ಮೊದಲ ದಾರಿ. ಹಾಲುಜ್ವರ, ಹೊಟ್ಟೆ ಉಬ್ಬರ, ಕಷ್ಟದ ಹೆರಿಗೆ ಇಂಥ ತುರ್ತಿಗೆ 1962 ಸಂಖ್ಯೆಗೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಮನೆ ಬಾಗಿಲಿಗೆ ಬರುವ ವ್ಯವಸ್ಥೆ ನಮ್ಮ ರಾಜ್ಯದಲ್ಲಿ 2022ರಿಂದ ಇದೆ. ಸಂಖ್ಯೆಯನ್ನು ಕೊಟ್ಟಿಗೆಯ ಗೋಡೆಯ ಮೇಲೆ ಇದ್ದಿಲಿನಲ್ಲಾದರೂ ಬರೆದಿಡಿ.

ಕುರಿಮಂದೆ ಇರುವವರಿಗೆ ಲೆಕ್ಕ ಸ್ವಲ್ಪ ಬೇರೆ. ಕೇಂದ್ರದ ಯೋಜನೆಯಲ್ಲಿ ಹತ್ತು ಕುರಿ ಅಥವಾ ಮೇಕೆಗಳನ್ನು ಒಂದು ರಾಸಿನ ಸಮಕ್ಕೆ ಎಣಿಸುತ್ತಾರೆ. ಕುರಿ ಮೇಕೆಗಳಿಗೆ ಐದು ರಾಸುಗಳಷ್ಟಿದ್ದ ಮಿತಿಯನ್ನು 2024ರಲ್ಲಿ ಹತ್ತಕ್ಕೆ ಏರಿಸಿದ್ದರಿಂದ ನೂರು ಕುರಿಗಳವರೆಗೆ ಸಹಾಯಧನದ ವಿಮೆಗೆ ಅವಕಾಶವಾಗಿದೆ. ಮೇವು ಅರಸಿ ಮಂದೆಯನ್ನು ಬೇರೆ ಜಿಲ್ಲೆಗೆ ಹೊಡೆದುಕೊಂಡು ಹೋಗುವವರು ಹೊರಡುವ ಮುನ್ನ ಪಾಲಿಸಿ ಅಲ್ಲಿಗೂ ನಡೆಯುತ್ತದೆಯೇ ಎಂದು ಕೇಳಿಕೊಳ್ಳಲೇಬೇಕು. ಇದಲ್ಲದೆ ರಾಜ್ಯದ ‘ಅನುಗ್ರಹ’ ಯೋಜನೆ ಇದೆ. ಇದು ವಿಮೆಯಲ್ಲ, ಕಂತೂ ಇಲ್ಲ. ಆಕಸ್ಮಿಕವಾಗಿ ಸತ್ತ ಕುರಿ ಮೇಕೆಗಳಿಗೆ ಸರ್ಕಾರ ಕೊಡುವ ಪರಿಹಾರ. 2023ರಲ್ಲಿ ಮರಳಿ ಜಾರಿಗೆ ತಂದಾಗ ಹಸು, ಎಮ್ಮೆ, ಎತ್ತುಗಳನ್ನೂ ಸೇರಿಸಿದರು. 2025-26ರ ಬಜೆಟ್ಟಿನಲ್ಲಿ ಕುರಿ ಮೇಕೆಗೆ 7,500, ದೊಡ್ಡ ರಾಸಿಗೆ 15,000 ರೂಪಾಯಿ ಎಂದು ಹೆಚ್ಚಿಸಲಾಯಿತು. ಚಿರತೆ ಹಿಡಿದ ರಾಸಿಗೆ ಅರಣ್ಯ ಇಲಾಖೆಯ ಪರಿಹಾರ ಬೇರೆ, ಅದಕ್ಕೆ ಕಳೇಬರವನ್ನು ಅಲ್ಲಾಡಿಸದೆ ಅವರನ್ನು ಕರೆಸಬೇಕು.

ಪೇಟೆಯಲ್ಲಿ ನಾಯಿ ಸಾಕಿರುವವರು ‘ನಮಗೇನು?’ ಎಂದಾರು. ವಿಚಿತ್ರವೆಂದರೆ ಚಿಕಿತ್ಸೆಗೆ ಹಣ ಕೊಡುವ ವಿಮೆ ಇರುವುದು ನಾಯಿಗೆ. 2020ರಲ್ಲಿ ಆಗಿನ ಬಜಾಜ್ ಅಲಯನ್ಜ್ ಕಂಪನಿ ಸಾಕುನಾಯಿಗಳ ಶಸ್ತ್ರಚಿಕಿತ್ಸೆ ಮತ್ತು ಆಸ್ಪತ್ರೆ ವಾಸದ ಖರ್ಚು ಭರಿಸುವ ಪಾಲಿಸಿ ತಂದಿತು, ಆಮೇಲೆ ಬೇರೆ ಕಂಪನಿಗಳೂ ಬಂದವು. ಇವುಗಳಲ್ಲಿ ವಯಸ್ಸಿನ ಮಿತಿ ಇದೆ, ಕಾಯುವ ಅವಧಿ ಇದೆ, ಮೊದಲೇ ಇದ್ದ ಕಾಯಿಲೆಗೆ ಹಣವಿಲ್ಲ, ಅಂದಕ್ಕಾಗಿ ಕಿವಿ ಬಾಲ ಕತ್ತರಿಸುವುದಕ್ಕಂತೂ ಇಲ್ಲ. ಲಸಿಕೆಯಿಂದ ತಡೆಯಬಹುದಾದ ರೋಗಕ್ಕೆ ಲಸಿಕೆ ಪುಸ್ತಕ ತೋರಿಸಬೇಕು. ಹುಚ್ಚುನಾಯಿ ರೋಗದ ಲಸಿಕೆಯನ್ನು ವಿಮೆಗಾಗಿ ಅಲ್ಲ, ಮನೆಯ ಮಕ್ಕಳಿಗಾಗಿ ಹಾಕಿಸಿ.

ರಾಸು ಸತ್ತಾಗ

ದುಃಖದಲ್ಲಿ ಮರೆತುಹೋಗುವ ಸಂಗತಿಗಳು ಇವು. ಮೊದಲು ಕಂಪನಿಗೂ ಪಶುವೈದ್ಯರಿಗೂ ಆ ದಿನವೇ ತಿಳಿಸಿ. ಓಲೆ ಕಾಣುವಂತೆ ಫೋಟೊ ತೆಗೆದಿಡಿ. ಮರಣೋತ್ತರ ಪರೀಕ್ಷೆಯ ವರದಿ, ಪಾಲಿಸಿ, ತುಂಬಿದ ಅರ್ಜಿ, ಕಿವಿಯೋಲೆ, ಚಿಕಿತ್ಸೆಯ ಚೀಟಿ ಇವಿಷ್ಟನ್ನು ಒಪ್ಪಿಸಿ ಸ್ವೀಕೃತಿ ಪಡೆಯಿರಿ. ವೈದ್ಯರು ನೋಡುವ ಮೊದಲು ಹೂಳಬೇಡಿ.

ಅವಸರದಲ್ಲಿ ನೀವೇ ಕೊಯ್ಯಲೂಬೇಡಿ. ನಿನ್ನೆ ಸಂಜೆ ಚೆನ್ನಾಗಿದ್ದ ಕುರಿಯೋ ಹಸುವೋ ಬೆಳಿಗ್ಗೆ ಸತ್ತು ಬಿದ್ದಿದೆ, ಹೊಟ್ಟೆ ಬೇಗ ಉಬ್ಬಿದೆ, ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತಿದೆ ಎಂದರೆ ನೆರಡಿ ರೋಗದ ಅನುಮಾನ ಪಡಬೇಕು. ಇದು ಮನುಷ್ಯರಿಗೂ ತಗುಲುತ್ತದೆ. ಇಂಥ ಕಳೇಬರವನ್ನು ವೈದ್ಯರೂ ಕೊಯ್ಯುವುದಿಲ್ಲ. ಕಿವಿಯ ರಕ್ತನಾಳದಿಂದ ಒಂದು ಹನಿ ತೆಗೆದು ಗಾಜಿನ ಪಟ್ಟಿಯ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ, ವಿಮೆಗೂ ಆ ಪರೀಕ್ಷೆಯ ವರದಿಯನ್ನೇ ಕೇಳಿ ಪಡೆಯಿರಿ. ಚರ್ಮ ಸುಲಿದರೆ, ಮಾಂಸ ಹಂಚಿದರೆ ಗಾಳಿ ಸೋಕಿದ ರೋಗಾಣು ಗಟ್ಟಿ ಕವಚ ತೊಟ್ಟು ಮಣ್ಣಿನಲ್ಲಿ ಹತ್ತಾರು ವರ್ಷ ಉಳಿಯುತ್ತದೆ. ಆಳದ ಗುಂಡಿ ತೋಡಿ, ಸುಣ್ಣ ಹಾಕಿ ಇಡಿಯಾಗಿ ಹೂಳಬೇಕು, ಆ ಜಾಗಕ್ಕೆ ಮುಳ್ಳುಬೇಲಿ ಹಾಕಬೇಕು. ಮುಟ್ಟಿದವರ ಕೈಯಲ್ಲಿ ಒಂದೆರಡು ದಿನ, ವಾರದೊಳಗೆ ನೋವಿಲ್ಲದ ಗುಳ್ಳೆ ಎದ್ದು ನಡುವೆ ಕಪ್ಪು ಹಕ್ಕಳೆ ಕಟ್ಟಿದರೆ ಮುಲಾಮು ಹಚ್ಚಿಕೊಂಡು ಕೂರದೆ ಆಸ್ಪತ್ರೆಗೆ ಹೋಗಿ, ಮನೆಯಲ್ಲಿ ರಾಸು ಹೇಗೆ ಸತ್ತಿತೆಂಬುದನ್ನು ವೈದ್ಯರಿಗೆ ಮೊದಲೇ ಹೇಳಿ. ಸಕಾಲದಲ್ಲಿ ಔಷಧಿ ಸಿಕ್ಕರೆ ಇದು ವಾಸಿಯಾಗುವ ಕಾಯಿಲೆ.