ಮುದ್ರಕದೊಡನೆ ಮಾತುಕತೆ

ಕಚೇರಿಯೊಂದರಲ್ಲಿ ಹತ್ತು ಮಂದಿ ಹತ್ತು ಗಣಕಯಂತ್ರಗಳ ಮುಂದೆ ಕುಳಿತಿರುತ್ತಾರೆ; ಮುದ್ರಕ ಮಾತ್ರ ಒಂದೇ. ಹತ್ತು ಕಡೆಗಳಿಂದಲೂ ಅದಕ್ಕೆ ಕೆಲಸ ಬರುತ್ತದೆ. ಆದರೂ ಒಬ್ಬರ ಪತ್ರದ ಸಾಲುಗಳು ಇನ್ನೊಬ್ಬರ ಲೆಕ್ಕಪಟ್ಟಿಯೊಳಗೆ ಬೆರೆತುಹೋಗುವುದಿಲ್ಲ. ಯಾರು ಮೊದಲು ಮಾತನಾಡಬೇಕು, ಹೇಳಿದ್ದು ತಲುಪಿತೆಂಬುದಕ್ಕೆ ಗುರುತೇನು ಎಂಬುದನ್ನೆಲ್ಲ ಯಂತ್ರಗಳಿಗಾಗಿ ಮೊದಲೇ ಗೊತ್ತುಪಡಿಸಿದ ಕಟ್ಟಳೆಗಳು ಇದಕ್ಕೆ ಕಾರಣ. ಇವುಗಳಿಗೆ ‘ಪ್ರೋಟೋಕಾಲ್’ ಎಂದು ಹೆಸರು.

ಮುದ್ರಕವನ್ನು ಹಲವರು ಹಂಚಿಕೊಳ್ಳಬೇಕೆಂಬ ಬಯಕೆಯೇ ಗಣಕಜಾಲದ ಬೆಳವಣಿಗೆಗೆ ಒಂದು ಪ್ರೇರಣೆಯಾಯಿತೆಂಬುದು ಸ್ವಾರಸ್ಯಕರವಾದ ಸಂಗತಿ. ಅಮೆರಿಕದ ಜೆರಾಕ್ಸ್ ಸಂಸ್ಥೆಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿ ಗ್ಯಾರಿ ಸ್ಟಾರ್ಕ್‌ವೆದರ್ 1971ರಲ್ಲಿ ಲೇಸರ್ ಮುದ್ರಕವನ್ನು ನಿರ್ಮಿಸಿದರು. ಅಲ್ಲಿನ ಗಣಕಯಂತ್ರಗಳನ್ನು ಪರಸ್ಪರವಾಗಿಯೂ ಆ ಮುದ್ರಕದೊಡನೆಯೂ ಜೋಡಿಸಲು ರಾಬರ್ಟ್ ಮೆಟ್‌ಕಾಫ್ ಮತ್ತು ಅವರ ಸಹೋದ್ಯೋಗಿಗಳು 1973ರಿಂದ ರೂಪಿಸಿದ ವ್ಯವಸ್ಥೆಯೇ ಈಥರ್‌ನೆಟ್. ಕಚೇರಿಗಳ ತಂತಿಜಾಲ ಇಂದಿಗೂ ಬಹುಮಟ್ಟಿಗೆ ಅದೇ.

ತಂತಿ ಎಳೆದ ಮಾತ್ರಕ್ಕೆ ಸಂಭಾಷಣೆ ಸಾಧ್ಯವಾಗದು. ಬರ್ಕ್‌ಲಿಯ ಯುನಿಕ್ಸ್ ವ್ಯವಸ್ಥೆಯಲ್ಲಿ ಬೆಳೆದು, 1990ರಲ್ಲಿ ಬರಹರೂಪ ಪಡೆದ ‘ಎಲ್.ಪಿ.ಡಿ.’ ಎಂಬ ಕಟ್ಟಳೆ ಹಳೆಯದು. ಇದರಲ್ಲಿ ಗಣಕಯಂತ್ರವು ಮುದ್ರಿಸಬೇಕಾದ ಬರಹದ ಜೊತೆಗೆ ಒಂದು ಚೀಟಿಯನ್ನೂ ಕಳುಹಿಸುತ್ತದೆ. ಕಳುಹಿಸಿದವರು ಯಾರು, ಯಾವ ಯಂತ್ರದಿಂದ ಬಂತು ಎಂಬ ವಿವರ ಅದರಲ್ಲಿರುತ್ತದೆ. ಒಂದೊಂದು ಕಡತ ತಲುಪಿದಾಗಲೂ ಮುದ್ರಕದ ಕಡೆಯಿಂದ ಸೊನ್ನೆಯೊಂದು ಮರಳಿ ಬರುತ್ತದೆ. ರಿಜಿಸ್ಟರ್ ಪತ್ರ ತಲುಪಿತೆಂದು ಅಂಚೆಯವರು ತಂದುಕೊಡುವ ರಸೀದಿಯಂತೆಯೇ ಇದು. ಆದರೆ ಚೀಟಿಯಲ್ಲಿರುವ ಹೆಸರು ನಿಜವೇ ಎಂದು ವಿಚಾರಿಸುವ ಗೋಜಿಗೆ ಎಲ್.ಪಿ.ಡಿ. ಹೋಗುವುದಿಲ್ಲ. ಒಬ್ಬರನ್ನೊಬ್ಬರು ಬಲ್ಲ ಸಣ್ಣ ಸಮುದಾಯದಲ್ಲಿ ಹುಟ್ಟಿದ ಕಟ್ಟಳೆಯಲ್ಲವೆ!

ಯಂತ್ರವೊಂದಕ್ಕೆ ಜಾಲದ ಕಡೆಗೆ ಸಂಖ್ಯೆ ಹಾಕಿದ ಹಲವು ಬಾಗಿಲುಗಳಿರುತ್ತವೆಂದು ಭಾವಿಸಿರಿ. ಎಲ್.ಪಿ.ಡಿ.ಯ ಬಾಗಿಲು 515. ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆ ಬಳಕೆಗೆ ತಂದ 9100ನೆಯ ಬಾಗಿಲಿನಲ್ಲಿ ಚೀಟಿಯೂ ಇಲ್ಲ, ರಸೀದಿಯೂ ಇಲ್ಲ. ಒಳಬಂದುದನ್ನೆಲ್ಲ ಮುದ್ರಕ ಅಚ್ಚು ಮಾಡುತ್ತದೆ. ಶಾಯಿಯಪುಡಿ ಎಷ್ಟು ಉಳಿದಿದೆಯೆಂದು ವಿಚಾರಿಸಲು ಎಸ್.ಎನ್.ಎಂ.ಪಿ. ಎಂಬ ಬೇರೊಂದು ಕಟ್ಟಳೆಯೇ ಇದೆ.

1999ರಲ್ಲಿ ಪ್ರಕಟವಾಗಿ ಮರುವರ್ಷ ಪರಿಷ್ಕೃತವಾದ ‘ಐ.ಪಿ.ಪಿ.’ ಮುದ್ರಕಕ್ಕೆ ನಿಜವಾದ ಮಾತನ್ನು ಕಲಿಸಿತು. ಇದರ ಬಾಗಿಲು 631. ಕಾಗದದ ಎರಡು ಬದಿಗೂ ಅಚ್ಚು ಮಾಡಬಲ್ಲೆಯಾ, ಬಣ್ಣವುಂಟೆ, ನನ್ನ ಕೆಲಸ ಎಲ್ಲಿಯವರೆಗೆ ಬಂತು ಎಂದು ಗಣಕಯಂತ್ರ ಕೇಳಬಹುದು, ಮುದ್ರಕ ಉತ್ತರಿಸುತ್ತದೆ. ಒಪ್ಪಿಸಿದ ಕೆಲಸವನ್ನು ರದ್ದು ಮಾಡಬಹುದು. ಬಂದವರ ಗುರುತನ್ನು ಕೇಳುವುದಕ್ಕೂ ಮಾತನ್ನು ಗುಪ್ತಲಿಪಿಯಲ್ಲಿ ಕಳುಹಿಸುವುದಕ್ಕೂ ಇದರಲ್ಲಿ ಅವಕಾಶವಿದೆ.

ಆ ಅವಕಾಶ ಅಲಂಕಾರಕ್ಕಲ್ಲ. 2018ರ ನವೆಂಬರಿನಲ್ಲಿ ಅಜ್ಞಾತನೊಬ್ಬ, ಕಾವಲಿಲ್ಲದೆ ಅಂತರಜಾಲಕ್ಕೆ ತೆರೆದಿದ್ದ ಮುದ್ರಕಗಳನ್ನು ಹುಡುಕಿ, ಯೂಟ್ಯೂಬ್ ಕಲಾವಿದನೊಬ್ಬನ ಪರವಾದ ಪ್ರಚಾರಪತ್ರವನ್ನು ಅವುಗಳಿಂದ ಅಚ್ಚು ಮಾಡಿಸಿದನು. ಅವುಗಳ ಸಂಖ್ಯೆ ಐವತ್ತು ಸಾವಿರವೆಂದು ಅವನೇ ಹೇಳಿಕೊಂಡನು. ಬೀಗ ಮುರಿಯುವ ಶ್ರಮವೇ ಅವನಿಗೆ ಬೇಕಾಗಲಿಲ್ಲ. ಹಳೆಯ ಗಣಕಯಂತ್ರಗಳಿಗೂ ಸೇವೆ ದೊರೆಯಲೆಂದು ಅನೇಕ ಹೊಸ ಮುದ್ರಕಗಳಲ್ಲಿಯೂ 515 ಮತ್ತು 9100ನೆಯ ಬಾಗಿಲುಗಳನ್ನು ಉಳಿಸಿಕೊಂಡಿದ್ದಾರೆ. ಅವು ಬೇಡವಾದ ಕಡೆ ಜಾಲದ ಮೇಲ್ವಿಚಾರಕರೇ ಒಂದೊಂದಾಗಿ ಮುಚ್ಚಬೇಕಾಗುತ್ತದೆ.