ರಸ್ತೆ ಅಪಘಾತ ಮರಣ: ಮೃತರದೂ ಭಾಗಶಃ ತಪ್ಪಿದ್ದಲ್ಲಿ ಪರಿಹಾರ

ಮುಂಡರಗಿ ತಾಲ್ಲೂಕಿನ ಸಿಂಗಟಾಲೂರು ಹಾಗೂ ಸುತ್ತಲಿನ ಗ್ರಾಮಗಳ ಸಾರ್ವಜನಿಕರ ಮಾಹಿತಿಗಾಗಿ: ರಸ್ತೆ ಅಪಘಾತದಲ್ಲಿ ಮೃತರದೂ ಭಾಗಶಃ ತಪ್ಪಿದ್ದ ಮಾತ್ರಕ್ಕೆ ಕುಟುಂಬದವರ ಪರಿಹಾರದ ಹಕ್ಕು ಇಲ್ಲವಾಗುವುದಿಲ್ಲ. ಮೋಟಾರು ವಾಹನ ಅಪಘಾತ ಪರಿಹಾರ ನ್ಯಾಯಮಂಡಳಿಯು ಸಾಕ್ಷ್ಯಗಳನ್ನು ಪರಿಶೀಲಿಸಿ, ಮೃತರ ತಪ್ಪಿನ ಪ್ರಮಾಣದಷ್ಟನ್ನು ಮಾತ್ರ ಕಡಿತಗೊಳಿಸುತ್ತದೆ. ಉದಾಹರಣೆಗೆ, ನಿಗದಿಯಾದ ಪರಿಹಾರ 12 ಲಕ್ಷ ರೂಪಾಯಿ ಹಾಗೂ ಮೃತ ಸವಾರರ ತಪ್ಪು ಶೇ. 25 ಆಗಿದ್ದಲ್ಲಿ 9 ಲಕ್ಷ ರೂಪಾಯಿ ದೊರೆಯುತ್ತದೆ.

ಮೃತರು ಹಿಂಬದಿ ಸವಾರರಾಗಿದ್ದು, ಎರಡೂ ವಾಹನಗಳ ಚಾಲಕರು ತಪ್ಪಿತಸ್ಥರಾಗಿದ್ದಲ್ಲಿ ಈ ಕಡಿತ ಅನ್ವಯಿಸದು. ಯಾವುದೇ ಒಂದು ವಾಹನದ ಕಡೆಯವರಿಂದ ಪೂರ್ಣ ಮೊತ್ತವನ್ನು ವಸೂಲು ಮಾಡಬಹುದೆಂದು ಸರ್ವೋಚ್ಚ ನ್ಯಾಯಾಲಯವು 2015ರಲ್ಲಿ ತೀರ್ಪು ನೀಡಿದೆ. ಬೈಕಿನಲ್ಲಿ ಮೂವರಿದ್ದರೆಂಬ ಒಂದೇ ಕಾರಣಕ್ಕೆ ಹಿಂಬದಿ ಸವಾರರನ್ನು ಅಪಘಾತಕ್ಕೆ ಹೊಣೆ ಮಾಡಲಾಗದೆಂದು 2020ರಲ್ಲಿ ಹೇಳಿದೆ. ಇದನ್ನರಿಯದೆ ಅರ್ಜಿಯನ್ನೇ ಸಲ್ಲಿಸದಿರುವುದು ಸರಿಯಲ್ಲ.

ಮೋಟಾರು ವಾಹನ ಕಾಯ್ದೆ, 1988ರ ಕಲಂ 164ರಡಿ ತಪ್ಪು ಯಾರದೆಂದು ರುಜುವಾತುಪಡಿಸದೆಯೇ 5 ಲಕ್ಷ ರೂಪಾಯಿ ಕೋರಬಹುದು. ಆದರೆ ಅದನ್ನು ಸ್ವೀಕರಿಸಿದಲ್ಲಿ ಕಲಂ 166ರಡಿಯ ಅರ್ಜಿ ರದ್ದಾಗುವುದರಿಂದ, ಸಹಿ ಮಾಡುವ ಮುನ್ನ ವಕೀಲರ ಸಲಹೆ ಪಡೆಯುವುದು ಅವಶ್ಯ.

ಅಪಘಾತವು ಬೇರೆ ಜಿಲ್ಲೆಯಲ್ಲಿ ಸಂಭವಿಸಿದ್ದರೂ ಅರ್ಜಿದಾರರು ತಾವು ವಾಸಿಸುವ ವ್ಯಾಪ್ತಿಯ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು. ಪ್ರಥಮ ವರ್ತಮಾನ ವರದಿ, ಪಂಚನಾಮೆ, ಮರಣೋತ್ತರ ಪರೀಕ್ಷಾ ವರದಿ ಹಾಗೂ ಆದಾಯದ ದಾಖಲೆಗಳೊಂದಿಗೆ ಆರು ತಿಂಗಳೊಳಗೆ ಸಲ್ಲಿಸುವುದು ಕ್ಷೇಮ. ಮಹಿಳೆಯರು ಆದಾಯದ ಮಿತಿಯಿಲ್ಲದೆ ಗದಗ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ಕಾನೂನು ನೆರವು ಪಡೆಯಬಹುದಾಗಿದೆ.